ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 22 ಅಂಕ: ಟ್ರೂಮನ್ ಮಾತನ್ನು ಯಾರು ಕೇಳುತ್ತಿದ್ದರು?

ಬೆಟಗೇರಿ ಉಪನ್ಯಾಸಕ (ಗದಗ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಗದಗಿನ ಒಂದು ಪದವಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕನಾಗಿದ್ದೇನೆ. ಎರಡನೆಯ ಮಹಾಯುದ್ಧ ಮುಗಿದ ಬಳಿಕದ ಹತ್ತು ವರ್ಷಗಳಲ್ಲಿ ಅಮೆರಿಕದ ಅಧ್ಯಕ್ಷ ಪದವಿ ಹೇಗೆ ನಡೆಯಿತು ಎಂಬುದನ್ನು ಈ ತಿಂಗಳು ಪಾಠ ಮಾಡುತ್ತಿದ್ದೇನೆ. ಹ್ಯಾರಿ ಟ್ರೂಮನ್ ಅವರ ಕೆಲಸವನ್ನು 1945ರ ಜೂನ್‌ನಲ್ಲಿ ಗ್ಯಾಲಪ್ ಸಮೀಕ್ಷೆಯ ಪ್ರಕಾರ ನೂರಕ್ಕೆ 87 ಮಂದಿ ಮೆಚ್ಚಿದ್ದರೆಂದೂ, 1952ರ ಫೆಬ್ರವರಿಯ ಹೊತ್ತಿಗೆ ಆ ಸಂಖ್ಯೆ 22ಕ್ಕೆ ಕುಸಿದಿತ್ತೆಂದೂ ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಇಷ್ಟು ಜನಕ್ಕೆ ಬೇಡವಾದವರು ಮುಂದೆಯೂ ಕುರ್ಚಿಯಲ್ಲಿ ಕೂತದ್ದು ಹೇಗೆ? ಕೂತರೂ ಅವರ ಮಾತನ್ನು ಯಾರು ಕೇಳುತ್ತಿದ್ದರು?" ಎಂದಳು.

ಮೊದಲ ಪ್ರಶ್ನೆಗೆ ಉತ್ತರ ಹೇಳಿದೆ: ಅಲ್ಲಿ ಅವಧಿ ನಾಲ್ಕು ವರ್ಷಕ್ಕೆ ಗೊತ್ತಾದದ್ದು, ನಮ್ಮಂತೆ ಅವಿಶ್ವಾಸ ನಿರ್ಣಯವೆಂಬುದಿಲ್ಲ. ಎರಡನೆಯ ಪ್ರಶ್ನೆ ಮನೆಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಗ್ರೀಸ್ ಮತ್ತು ಟರ್ಕಿಗೆ 40 ಕೋಟಿ ಡಾಲರ್ ನೆರವು, ಯುದ್ಧದಿಂದ ನಲುಗಿದ ಯುರೋಪಿಗೆ ನೆರವು ನೀಡುವ ಮಾರ್ಷಲ್ ಯೋಜನೆ, ನೇಟೋ ಕೂಟಕ್ಕೆ ಬುನಾದಿಯಾದ ಉತ್ತರ ಅಟ್ಲಾಂಟಿಕ್ ಒಪ್ಪಂದ ಇವೆಲ್ಲ 1947ರಿಂದ 1949ರ ನಡುವೆ ಆದವು; ಅದರಲ್ಲಿ ಮೊದಲೆರಡು ನಡೆದಾಗ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಎರಡೂ ಸದನಗಳು ವಿರೋಧ ಪಕ್ಷವಾದ ರಿಪಬ್ಲಿಕನ್ನರ ಕೈಯಲ್ಲಿದ್ದವು. ಅದೇ ಟ್ರೂಮನ್ 1945ರ ನವೆಂಬರ್‌ನಲ್ಲಿ ಮಂಡಿಸಿದ ರಾಷ್ಟ್ರೀಯ ಆರೋಗ್ಯ ವಿಮೆಯ ಪ್ರಸ್ತಾವ ಮಾತ್ರ ಕಾನೂನಾಗಲೇ ಇಲ್ಲ. ಪಠ್ಯಪುಸ್ತಕಗಳು ಇವನ್ನು 'ಸಾಧನೆ', 'ವೈಫಲ್ಯ' ಎಂದು ಎರಡು ಕಾಲಮ್ಮಿನಲ್ಲಿ ಬರೆದು ಸುಮ್ಮನಾಗುತ್ತವೆ. ಒಬ್ಬರೇ ವ್ಯಕ್ತಿ ಒಂದೇ ಕಾಲದಲ್ಲಿ ಇಷ್ಟು ಬಲಶಾಲಿಯೂ ಇಷ್ಟು ದುರ್ಬಲರೂ ಆಗಿದ್ದು ಹೇಗೆಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಮಾಳಮಡ್ಡಿ ಓದುಗ (ಧಾರವಾಡ):

ಮಾಸ್ತರರೇ, ಆ ವಿದ್ಯಾರ್ಥಿನಿಗೆ ನನ್ನ ಶಹಬ್ಬಾಸ್‌ಗಿರಿ ತಿಳಿಸಿರಿ. ಅವಳ ಮೊದಲ ಪ್ರಶ್ನೆಯನ್ನು ನೀವು ಬಲು ಬೇಗ ಮುಗಿಸಿಬಿಟ್ಟಿರಿ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ 1946ರಲ್ಲಿ ಅದೇ ಪ್ರಶ್ನೆಯನ್ನು ಅಮೆರಿಕದ ಸೆನೆಟರ್ ಒಬ್ಬರೇ ಎತ್ತಿದ್ದರು. ಯುದ್ಧ ಮುಗಿದ ಮೊದಲ ವರ್ಷ ಅಲ್ಲಿ ಕಲ್ಲಿದ್ದಲು, ಉಕ್ಕು, ರೈಲ್ವೆ ಎಂದು ಒಂದರ ಬೆನ್ನಿಗೆ ಒಂದು ಮುಷ್ಕರ. ಬೆಲೆ ನಿಯಂತ್ರಣವಿದ್ದಾಗ ಅಂಗಡಿಯಲ್ಲಿ ಮಾಂಸ ಸಿಗುತ್ತಿರಲಿಲ್ಲ, ನಿಯಂತ್ರಣ ತೆಗೆದಾಗ ಸಿಕ್ಕ ಮಾಂಸ ಕೊಳ್ಳಲಾಗುತ್ತಿರಲಿಲ್ಲ. ರಿಪಬ್ಲಿಕನ್ನರು "ಸಾಕಾಯಿತೇ?" ಎಂಬ ಒಂದೇ ಮಾತನ್ನು ಹಿಡಿದು ಊರೂರು ಸುತ್ತಿ ನವೆಂಬರ್‌ನ ಚುನಾವಣೆಯಲ್ಲಿ ಎರಡೂ ಸದನಗಳನ್ನು ಗೆದ್ದರು. ಆಗ ಟ್ರೂಮನ್ ಅವರದೇ ಡೆಮಾಕ್ರಟಿಕ್ ಪಕ್ಷದ, ಆರ್ಕನ್ಸಾದ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಒಂದು ಸಲಹೆ ಕೊಟ್ಟರು: ಅಧ್ಯಕ್ಷರು ಒಬ್ಬ ರಿಪಬ್ಲಿಕನ್ ನಾಯಕರನ್ನು ವಿದೇಶಾಂಗ ಕಾರ್ಯದರ್ಶಿಯಾಗಿ ನೇಮಿಸಿ ತಾವು ರಾಜೀನಾಮೆ ಕೊಡಲಿ. ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡು ಟ್ರೂಮನ್ ಮೇಲೇರಿದ ಮೇಲೆ ಉಪಾಧ್ಯಕ್ಷರ ಸ್ಥಾನ ಖಾಲಿಯಿತ್ತು, ಆಗಿನ ಕಾನೂನಿನಂತೆ ಮುಂದಿನ ಸರದಿ ವಿದೇಶಾಂಗ ಕಾರ್ಯದರ್ಶಿಯದೇ ಆಗಿತ್ತು. ಫುಲ್‌ಬ್ರೈಟ್ ಆಕ್ಸ್‌ಫರ್ಡಿನಲ್ಲಿ ಓದಿದವರು. ಬಹುಮತ ಹೋದವರು ಮನೆಗೆ ಹೋಗಬೇಕೆಂಬ ಬ್ರಿಟಿಷ್ ಪದ್ಧತಿ ಅವರಿಗೆ ಸಹಜವಾಗಿ ಕಂಡಿರಬೇಕು. ಟ್ರೂಮನ್ ಫುಲ್‌ಬ್ರೈಟ್ ಹೆಸರಿನ 'ಫುಲ್' ತೆಗೆದು 'ಹಾಫ್‌ಬ್ರೈಟ್' (ಅರೆಜಾಣ) ಎಂದು ಕರೆದು ಆ ಸಲಹೆಯನ್ನು ಅಲ್ಲಿಗೇ ಬಿಟ್ಟರು. 1947ರಲ್ಲಿ ಬಂದ ಉತ್ತರಾಧಿಕಾರ ಕಾನೂನು ಆ ಸರದಿಯನ್ನು ಪ್ರತಿನಿಧಿ ಸಭೆಯ ಸ್ಪೀಕರ್‌ಗೆ ಕೊಟ್ಟಿತು.

ಇನ್ನು ಮಾತನ್ನು ಕೇಳಿದವರು ಯಾರು? ಜನ ಕೇಳಿದರು ಎಂದುಕೊಂಡರೆ ಲೆಕ್ಕ ಕೂಡುವುದಿಲ್ಲ. ಕೇಳಿದವರು ಬೆರಳೆಣಿಕೆಯ ಮಂದಿ, ಮತ್ತು ಅವರು ಕೇಳುವ ಹಾಗೆ ಟ್ರೂಮನ್ ಮಾತನ್ನು ಒಪ್ಪವಾಗಿ ಮುಂದಿಟ್ಟರು. ಸೆನೆಟ್‌ನ ವಿದೇಶಾಂಗ ಸಮಿತಿಯ ಅಧ್ಯಕ್ಷ ಆರ್ಥರ್ ವ್ಯಾಂಡೆನ್‌ಬರ್ಗ್ ಮಿಶಿಗನ್ನಿನ ರಿಪಬ್ಲಿಕನ್. ಯುದ್ಧಕ್ಕೆ ಮುಂಚೆ ಹೊರಗಿನ ಜಗಳ ನಮಗೇಕೆ ಎನ್ನುತ್ತಿದ್ದವರು, 1945ರ ಜನವರಿಯಲ್ಲಿ ಸೆನೆಟ್‌ನಲ್ಲಿಯೇ ತಮ್ಮ ನಿಲುವನ್ನು ಬದಲಿಸಿಕೊಂಡಿದ್ದರು. ಮಾರ್ಷಲ್ ನೆರವಿನ ಮಸೂದೆ ಬಂದಾಗ ಅದರ ಹಣ ವಿದೇಶಾಂಗ ಇಲಾಖೆಯ ಕೈಯಲ್ಲಿರಕೂಡದು, ಪ್ರತ್ಯೇಕ ಸಂಸ್ಥೆಯೊಂದರ ಕೈಯಲ್ಲಿರಬೇಕು, ಅದನ್ನು ವ್ಯವಹಾರ ಬಲ್ಲವರು ನಡೆಸಬೇಕು ಎಂದು ಅವರು ಪಟ್ಟು ಹಿಡಿದರು. ಟ್ರೂಮನ್ ಒಪ್ಪಿ, ಸ್ಟುಡಿಬೇಕರ್ ಮೋಟಾರು ಕಂಪನಿಯ ಮುಖ್ಯಸ್ಥರಾಗಿದ್ದ, ರಿಪಬ್ಲಿಕನ್ನರೇ ಆದ ಪಾಲ್ ಹಾಫ್‌ಮನ್ ಅವರನ್ನು ನೇಮಿಸಿದರು. ಯೋಜನೆಗೆ ತಮ್ಮ ಹೆಸರಿಟ್ಟರೆ ಅದು ಸದನದಲ್ಲಿ ಸಾಯುತ್ತದೆಂದು ತಿಳಿದು, ಆಗ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜನರಲ್ ಮಾರ್ಷಲ್ ಅವರ ಹೆಸರನ್ನೇ ಮುಂದೆ ಮಾಡಿದರು. ಸುಮಾರು 1,300 ಕೋಟಿ ಡಾಲರುಗಳನ್ನು ಯುರೋಪಿಗೆ ಕಳಿಸಿದ ಕಾರ್ಯಕ್ರಮದಲ್ಲಿ ಅಧ್ಯಕ್ಷರ ಹೆಸರೇ ಇಲ್ಲ! ಸರಕಾರ ಬದಲಾದೊಡನೆ ಯೋಜನೆಗಳ ಹೆಸರು ಬದಲಾಗುವುದನ್ನು ನೋಡುತ್ತ ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ.

ಅದೇ ಕಾಂಗ್ರೆಸ್ಸು 1947ರ ಮೇ ತಿಂಗಳಲ್ಲಿ ಗ್ರೀಸ್ ಮತ್ತು ಟರ್ಕಿಗೆ ಹಣ ಕೊಟ್ಟಿತು, ಜೂನ್ 23ರಂದು ಕಾರ್ಮಿಕ ಸಂಘಗಳ ಕೈಕಟ್ಟುವ ಟಾಫ್ಟ್–ಹಾರ್ಟ್ಲಿ ಕಾನೂನಿಗೆ ಟ್ರೂಮನ್ ಹಾಕಿದ್ದ ವೀಟೋವನ್ನು ತಳ್ಳಿಹಾಕಿತು. ಆರೋಗ್ಯ ವಿಮೆಗೆ ಅಮೆರಿಕದ ವೈದ್ಯರ ಸಂಘ ದೊಡ್ಡ ಹಣ ಸುರಿದು ಅಡ್ಡ ನಿಂತಿತು. ಅಲ್ಲಿ ಒಬ್ಬ ವ್ಯಾಂಡೆನ್‌ಬರ್ಗ್ ಹುಟ್ಟಲಿಲ್ಲ. ತಮ್ಮ ನಂತರ ಜನರಲ್ ಐಸೆನ್‌ಹೋವರ್ ಬಂದು ಆ ಕುರ್ಚಿಯಲ್ಲಿ ಕೂತು 'ಇದನ್ನು ಮಾಡಿ, ಅದನ್ನು ಮಾಡಿ' ಎನ್ನುತ್ತಾರೆ, ಏನೂ ಆಗುವುದಿಲ್ಲ, ಇದು ಸೈನ್ಯದಂತಲ್ಲ ಎಂದು ಟ್ರೂಮನ್ ಹೇಳುತ್ತಿದ್ದರಂತೆ. ಏಳು ವರ್ಷ ತಾವೇ ಉಂಡ ಅನುಭವದ ಮಾತು ಅದು.

ರಾಣೆಬೆನ್ನೂರು ಅಡತಿ (ಹಾವೇರಿ ಜಿಲ್ಲೆ):

ಸರ್, ನಾನು ಓದಿದ್ದು ಬಿ.ಕಾಂ., ಮಾಡುತ್ತಿರುವುದು ಗೋವಿನಜೋಳದ ಅಡತಿ ವ್ಯಾಪಾರ. ಅಮೆರಿಕದ ಸೆನೆಟ್‌ನ ಒಳಗಿನ ಮಾತು ನನಗೆ ಅಷ್ಟಾಗಿ ತಿಳಿಯದು, ಆದರೆ 1948ರ ಚುನಾವಣೆಯ ಬಗ್ಗೆ ಒಂದು ಸಂಗತಿಯನ್ನು ಸೇರಿಸಲೇಬೇಕು, ಅದು ನಮ್ಮ ಮಾರುಕಟ್ಟೆಯ ಸಂಗತಿಯೇ ಆಗಿದೆ.

ಆ ವರ್ಷ ಸಮೀಕ್ಷೆಗಳೆಲ್ಲ ರಿಪಬ್ಲಿಕನ್ ಅಭ್ಯರ್ಥಿ, ನ್ಯೂಯಾರ್ಕಿನ ಗವರ್ನರ್ ಥಾಮಸ್ ಡ್ಯೂಯಿ ಗೆಲ್ಲುತ್ತಾರೆಂದೇ ಹೇಳಿದ್ದವು; ಚಿಕಾಗೋದ ಟ್ರಿಬ್ಯೂನ್ ಪತ್ರಿಕೆ ಎಣಿಕೆ ಮುಗಿಯುವ ಮೊದಲೇ ಡ್ಯೂಯಿ ಗೆದ್ದರೆಂದು ಅಚ್ಚು ಹಾಕಿ, ಆ ಪತ್ರಿಕೆಯನ್ನು ಟ್ರೂಮನ್ ನಗುತ್ತ ಎತ್ತಿ ಹಿಡಿದ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಆದದ್ದೇನು? ಟ್ರೂಮನ್‌ಗೆ 303 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯವಾರು ಎಣಿಸುವ ಮತ), ಡ್ಯೂಯಿಗೆ 189, ಟ್ರೂಮನ್ ಪಕ್ಷದಿಂದ ಸಿಡಿದು ನಿಂತ ದಕ್ಷಿಣದ ಸ್ಟ್ರಾಮ್ ಥರ್ಮಂಡ್‌ಗೆ 39. 1944ರಲ್ಲಿ ಡ್ಯೂಯಿಯವರಿಗೆ ಹೋಗಿದ್ದ ಅಯೋವಾ, ಒಹಾಯೋ, ವಿಸ್ಕಾನ್ಸಿನ್ ರಾಜ್ಯಗಳು ಈ ಸಲ ಟ್ರೂಮನ್ ಕಡೆ ತಿರುಗಿದವು. ಇವೆಲ್ಲ ಗೋವಿನಜೋಳ, ಹೈನು, ಹಂದಿ ಸಾಕಣೆಯ ಸೀಮೆಗಳು.

ಕಾರಣ ಇಷ್ಟು. ಅಲ್ಲಿ ಬೆಂಬಲ ಬೆಲೆ ಸಾಲದ ರೂಪದಲ್ಲಿ ಸಿಗುತ್ತಿತ್ತು: ರೈತ ತನ್ನ ಮಾಲನ್ನು ಸರಿಯಾದ ಕಣಜದಲ್ಲಿಟ್ಟು ಅದರ ಮೇಲೆ ಸರಕಾರಿ ನಿಗಮದಿಂದ ಸಾಲ ಎತ್ತಬೇಕು, ಪೇಟೆ ಏರಿದರೆ ಮಾರಿ ಸಾಲ ತೀರಿಸಬೇಕು, ಏರದಿದ್ದರೆ ಮಾಲನ್ನು ಸರಕಾರಕ್ಕೇ ಬಿಟ್ಟುಕೊಡಬೇಕು. ಕಣಜ ಇಲ್ಲದವನಿಗೆ ಸಾಲವೂ ಇಲ್ಲ. 1948ರಲ್ಲಿ ಆ ನಿಗಮದ ಅಧಿಕಾರವನ್ನು ನವೀಕರಿಸುವಾಗ ಕಾಂಗ್ರೆಸ್ಸು ಹೊಸ ಕಣಜಗಳನ್ನು ಪಡೆಯಕೂಡದೆಂಬ ನಿರ್ಬಂಧವನ್ನು ಸೇರಿಸಿತು. ಬೇಸಿಗೆಯಲ್ಲಿ ಅದನ್ನು ಯಾರೂ ಲೆಕ್ಕಿಸಲಿಲ್ಲ. ಆ ಹಂಗಾಮಿನಲ್ಲಿ ಹಿಂದೆಂದೂ ಕಾಣದಷ್ಟು ಗೋವಿನಜೋಳ ಬೆಳೆಯಿತು, ಧಾರಣೆ ಕುಸಿಯತೊಡಗಿತು, ಇಡಲು ಜಾಗವಿಲ್ಲದ ರೈತ ಸಿಕ್ಕ ಬೆಲೆಗೆ ಮಾರಬೇಕಾಯಿತು. ಸೆಪ್ಟೆಂಬರ್ 18ರಂದು ಅಯೋವಾದ ಡೆಕ್ಸ್‌ಟರ್ ಎಂಬಲ್ಲಿ ರಾಷ್ಟ್ರೀಯ ನೇಗಿಲು ಸ್ಪರ್ಧೆಯ ಜಾತ್ರೆಗೆ ಹೋದ ಟ್ರೂಮನ್, ಈ ಕಾಂಗ್ರೆಸ್ಸು ರೈತನ ಬೆನ್ನಿಗೆ ಕವೆಗೋಲು ಚುಚ್ಚಿದೆ ಎಂದು ನೇರವಾಗಿ ಹೇಳಿದರು. ಅವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಿಸ್ಸೂರಿಯಲ್ಲಿ ಸ್ವತಃ ಹೊಲ ಮಾಡಿದವರು, ಪದವಿ ಪಡೆದವರಲ್ಲ, ಬಟ್ಟೆ ಅಂಗಡಿ ಹಾಕಿ ನಷ್ಟಪಟ್ಟು ಅದರ ಸಾಲವನ್ನು ವರ್ಷಗಟ್ಟಲೆ ತೀರಿಸಿದವರು. ಧಾರಣೆ ಬಿದ್ದ ದಿನ ನಮ್ಮ ಯಾರ್ಡಿನ ಕಟ್ಟೆಯ ಮೇಲೆ ಕುಳಿತ ರೈತನ ಮುಖ ನೋಡಿದವರಿಗೆ ಆ ಮಾತು ಏಕೆ ನಾಟಿತೆಂದು ವಿವರಿಸಬೇಕಾಗಿಲ್ಲ.

ಇದೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಒಹಾಯೋದಲ್ಲಿ ಅಂತರ ಏಳು ಸಾವಿರ ಚಿಲ್ಲರೆ ಮತ. ಅಷ್ಟು ಸಣ್ಣ ಅಂತರಕ್ಕೆ ಕಾರ್ಮಿಕರೂ ಕಾರಣ, ಕರಿಯ ಮತದಾರರೂ ಕಾರಣ. ಆದರೆ ಮಾಳಮಡ್ಡಿ ಸರ್ ಹೇಳಿದ ಹಾಗೆ ಬೆರಳೆಣಿಕೆಯ ಮಂದಿ ಮಾತ್ರ ಕೇಳಿದರು ಎಂಬುದು ಪೂರ್ತಿ ನಿಜವಲ್ಲ. ರೈಲಿನ ಹಿಂಬದಿಯ ಕಟಾಂಜನದಲ್ಲಿ ನಿಂತು ಸಣ್ಣ ಸಣ್ಣ ನಿಲ್ದಾಣಗಳಲ್ಲಿ ಮಾತಾಡಿದ ಆ ಮನುಷ್ಯನನ್ನು ಜನರೂ ಕೇಳಿದ್ದಾರೆ, ಸಮೀಕ್ಷೆಯವರ ಕಿವಿಗೆ ಅದು ಬೀಳಲಿಲ್ಲ ಅಷ್ಟೇ.

ವಿದ್ಯಾನಗರ ವಕೀಲ (ಹುಬ್ಬಳ್ಳಿ):

ಅಡತಿ ಸಾಹೇಬರ ತಿದ್ದುಪಡಿಯನ್ನು ಒಪ್ಪುತ್ತೇನೆ. ಆದರೂ ಇಬ್ಬರೂ ಒಂದು ಮಾತನ್ನು ಬದಿಗಿಟ್ಟಿದ್ದೀರಿ. ವಿದೇಶದ ವಿಷಯದಲ್ಲಿ ಟ್ರೂಮನ್ ಗೆದ್ದದ್ದಕ್ಕೆ ಜಾಣ್ಮೆಯಷ್ಟೇ ಕಮ್ಯುನಿಸ್ಟರ ಭಯವೂ ಕಾರಣ, ಮತ್ತು ಆ ಭಯವನ್ನು ಬೆಳೆಸಿದ್ದರಲ್ಲಿ ಅವರ ಪಾಲೂ ಇದೆ. 1950ರ ಜೂನ್ 25ರಂದು ಉತ್ತರ ಕೊರಿಯಾದ ಸೈನ್ಯ ದಕ್ಷಿಣಕ್ಕೆ ನುಗ್ಗಿದಾಗ ಟ್ರೂಮನ್ ಕೆಲವೇ ದಿನಗಳಲ್ಲಿ ಸೈನ್ಯವನ್ನು ಇಳಿಸಿದರು. ಯುದ್ಧ ಸಾರುವ ಅಧಿಕಾರ ಸಂವಿಧಾನದ ಪ್ರಕಾರ ಕಾಂಗ್ರೆಸ್ಸಿಗೆ ಸೇರಿದ್ದರೂ ಅದರ ಅನುಮತಿಯನ್ನು ಕೇಳಲೇ ಇಲ್ಲ. ಇದು ಪೊಲೀಸ್ ಕಾರ್ಯಾಚರಣೆಯೇ ಎಂದು ಪತ್ರಕರ್ತರೊಬ್ಬರು ಕೇಳಿದಾಗ ಹೌದೆಂದರು. ಮೂವತ್ತು ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಆ 'ಕಾರ್ಯಾಚರಣೆ'ಯಲ್ಲಿ ಸತ್ತರು. ನಿಮ್ಮ 22ರ ಅಂಕ ಬಂದದ್ದು ಮುಖ್ಯವಾಗಿ ಅಲ್ಲಿಂದ. ಎರಡು ಕೊರಿಯಾಗಳ ನಡುವಿನ ಗಡಿಯಾಗಿದ್ದ 38ನೆಯ ಅಕ್ಷಾಂಶವನ್ನು ಅಮೆರಿಕದ ಸೈನ್ಯ ದಾಟಿದರೆ ಚೀನಾ ಯುದ್ಧಕ್ಕೆ ಇಳಿಯುತ್ತದೆಂದು ಪೀಕಿಂಗಿನಲ್ಲಿದ್ದ ನಮ್ಮ ರಾಯಭಾರಿ ಕೆ.ಎಂ. ಪಣಿಕ್ಕರ್ ಮೂಲಕ 1950ರ ಅಕ್ಟೋಬರ್‌ನಲ್ಲಿಯೇ ಎಚ್ಚರಿಕೆ ಹೋಗಿತ್ತು. ವಾಷಿಂಗ್ಟನ್ನಿನವರು ಅದನ್ನು ನಂಬಲಿಲ್ಲ. ಮಾತನ್ನು ಯಾರು ಕೇಳಿದರು ಎಂಬ ಪ್ರಶ್ನೆಯ ಜೊತೆಗೆ ಅಧ್ಯಕ್ಷರು ಯಾರ ಮಾತನ್ನು ಕೇಳಲಿಲ್ಲ ಎಂದೂ ತರಗತಿಯಲ್ಲಿ ಕೇಳಬಹುದು.

ನಾನು ವಿಶೇಷವಾಗಿ ಹೇಳಬೇಕೆಂದದ್ದು ಉಕ್ಕಿನ ಕಾರ್ಖಾನೆಗಳ ಪ್ರಕರಣ. ಕೊರಿಯಾ ಯುದ್ಧ ನಡೆಯುತ್ತಿದ್ದಾಗ ಉಕ್ಕಿನ ಕಾರ್ಮಿಕರು ಮುಷ್ಕರದ ನೋಟಿಸ್ ಕೊಟ್ಟರು. ಟಾಫ್ಟ್–ಹಾರ್ಟ್ಲಿ ಕಾನೂನಿನ ಪ್ರಕಾರ ಮುಷ್ಕರವನ್ನು 80 ದಿನ ತಡೆಯುವ ದಾರಿ ಅಧ್ಯಕ್ಷರಿಗಿತ್ತು. ಆದರೆ ತಾವೇ ವೀಟೋ ಹಾಕಿದ್ದ ಕಾನೂನದು. ಟ್ರೂಮನ್ 1952ರ ಏಪ್ರಿಲ್ 8ರಂದು ಕಾರ್ಖಾನೆಗಳನ್ನೇ ಸರಕಾರದ ವಶಕ್ಕೆ ತೆಗೆದುಕೊಳ್ಳುವ ಆದೇಶ ಹೊರಡಿಸಿದರು. ಜೂನ್ 2ರಂದು ಸುಪ್ರೀಂ ಕೋರ್ಟು ಆರು–ಮೂರು ಮತಗಳಿಂದ ಅದನ್ನು ರದ್ದು ಮಾಡಿತು. ಗಮನಿಸಬೇಕಾದದ್ದು, ಆ ಒಂಬತ್ತೂ ನ್ಯಾಯಮೂರ್ತಿಗಳು ರೂಸ್‌ವೆಲ್ಟ್ ಅಥವಾ ಟ್ರೂಮನ್ ನೇಮಿಸಿದವರು. ಟ್ರೂಮನ್ ಸ್ವತಃ ನೇಮಿಸಿದ ನಾಲ್ವರಲ್ಲಿ ಇಬ್ಬರು ಅವರ ವಿರುದ್ಧ ನಿಂತರು. ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಹೇಳಿದ್ದನ್ನು ಇಂದಿಗೂ ಅಲ್ಲಿನ ವಕೀಲರು ಉದ್ಧರಿಸುತ್ತಾರೆ: ಕಾಂಗ್ರೆಸ್ಸಿನ ಒಪ್ಪಿಗೆಯೊಂದಿಗೆ ನಡೆದಾಗ ಅಧ್ಯಕ್ಷರ ಬಲ ಅತ್ಯಧಿಕ, ಕಾಂಗ್ರೆಸ್ಸು ಮೌನವಾಗಿದ್ದಾಗ ಅದು ಮಬ್ಬಿನ ವಲಯ, ಅದರ ಇಚ್ಛೆಗೆ ವಿರುದ್ಧ ನಡೆದಾಗ ಬಲ ಅತಿ ಕಡಿಮೆ. ನಿಮ್ಮ ಪಠ್ಯಪುಸ್ತಕದ ಎರಡು ಕಾಲಮ್ಮನ್ನು ಅಳಿಸಿ ಈ ಮೂರು ಮನೆಗಳನ್ನು ಬರೆದು, ಆ ಹತ್ತು ವರ್ಷಗಳ ಒಂದೊಂದು ಘಟನೆಯನ್ನೂ ಯಾವ ಮನೆಗೆ ಸೇರುತ್ತದೆಂದು ಮಕ್ಕಳಿಗೇ ಕೇಳಿರಿ. ತೀರ್ಪು ಬಂದ ದಿನವೇ ಟ್ರೂಮನ್ ಕಾರ್ಖಾನೆಗಳನ್ನು ಮರಳಿಸಿದರು; ಮುಷ್ಕರ 53 ದಿನ ನಡೆಯಿತು. ನೂರಕ್ಕೆ 22 ಇದ್ದುದರಿಂದ ಸೋತರೆಂದು ಹೇಳಲಾಗದು, 87 ಇದ್ದಿದ್ದರೂ ಬಹುಶಃ ಸೋಲುತ್ತಿದ್ದರು.

ಲಕ್ಷ್ಮೇಶ್ವರದ ನಿವೃತ್ತ ಅಕ್ಕೋರು (ಗದಗ ಜಿಲ್ಲೆ):

ಎಲ್ಲರ ಬರಹವನ್ನೂ ಆಸಕ್ತಿಯಿಂದ ಓದಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳಾಗಿ ನನಗೊಂದು ಅಸಮಾಧಾನವಿದೆ: ಬಲ, ಬಹುಮತ ಎಂದು ಎಣಿಸುತ್ತ ಕುಳಿತರೆ ಸಾಮಾನ್ಯ ಗುಮಾಸ್ತ ಕಾಣೆಯಾಗುತ್ತಾನೆ. ಗ್ರೀಸಿಗೆ ಹಣ ಬೇಕೆಂದು 1947ರ ಮಾರ್ಚ್ 12ರಂದು ಭಾಷಣ ಮಾಡಿದ ಟ್ರೂಮನ್, ಒಂಬತ್ತು ದಿನಗಳ ಬಳಿಕ ಸರಕಾರಿ ನೌಕರರ ನಿಷ್ಠೆಯನ್ನು ಪರಿಶೀಲಿಸುವ ಆದೇಶಕ್ಕೆ ಸಹಿ ಹಾಕಿದರು. ತನ್ನ ಮೇಲೆ ದೂರು ಕೊಟ್ಟವರು ಯಾರೆಂದೇ ತಿಳಿಯದೆ ನೌಕರಿ ಕಳೆದುಕೊಂಡವರಿದ್ದರು. ವಿರೋಧ ಪಕ್ಷದ ಬಾಯಿ ಮುಚ್ಚಿಸಲು ಹಾಕಿದ ಸಹಿ ಅದೆಂದು ಸಮರ್ಥಿಸುವವರಿದ್ದಾರೆ, ಬಾಯಿ ಮುಚ್ಚಲಿಲ್ಲ. 1950ರ ಫೆಬ್ರವರಿಯಲ್ಲಿ ಜೋಸೆಫ್ ಮೆಕಾರ್ಥಿ ಎಂಬ ಸೆನೆಟರ್ ವಿದೇಶಾಂಗ ಇಲಾಖೆಯ ತುಂಬ ಕಮ್ಯುನಿಸ್ಟರಿದ್ದಾರೆಂದು ಗುಲ್ಲೆಬ್ಬಿಸಿದಾಗ ಅವರಿಗೆ ಹೊಲ ಮೊದಲೇ ಹದವಾಗಿತ್ತು.

ಹಾಗೆಂದು ಆ ಲೇಖನಿ ಕೆಟ್ಟದ್ದನ್ನಷ್ಟೇ ಬರೆಯಿತೆಂದಲ್ಲ. 1948ರ ಜುಲೈ 26ರಂದು, ಚುನಾವಣೆಗೆ ಮೂರು ತಿಂಗಳಿರುವಾಗ, ಸೈನ್ಯದಲ್ಲಿ ಬಣ್ಣದ ಭೇದವಿಲ್ಲದೆ ಸಮಾನ ಅವಕಾಶ ಎಂಬ ಆದೇಶಕ್ಕೂ ಅದೇ ಲೇಖನಿ ಸಹಿ ಹಾಕಿತು. ಅದಕ್ಕೆ ಕಾಂಗ್ರೆಸ್ಸಿನ ಮತ ಬೇಕಿರಲಿಲ್ಲ, ದಕ್ಷಿಣದ ಸೆನೆಟರುಗಳು ತಡೆಯಲಾಗಲಿಲ್ಲ.

ಐಸೆನ್‌ಹೋವರ್ ಬಗ್ಗೆ ಯಾರೂ ಹೆಚ್ಚು ಹೇಳಿಲ್ಲ. 1952ರಲ್ಲಿ 442 ಎಲೆಕ್ಟೋರಲ್ ಮತ ಪಡೆದು ಗೆದ್ದವರು, ಜನಪ್ರಿಯತೆಗೆ ಕೊರತೆಯೇ ಇರಲಿಲ್ಲ. ಆದರೆ ಆ ವರ್ಷದ ಅಕ್ಟೋಬರ್‌ನಲ್ಲಿ ಮೆಕಾರ್ಥಿಯವರ ರಾಜ್ಯವಾದ ವಿಸ್ಕಾನ್ಸಿನ್ನಿಗೆ ಪ್ರಚಾರಕ್ಕೆ ಹೋದಾಗ, ತಮ್ಮನ್ನು ಮೇಲೆತ್ತಿದ ಜನರಲ್ ಮಾರ್ಷಲ್ ಅವರನ್ನು ಹೊಗಳುವ ಸಾಲುಗಳನ್ನು ಭಾಷಣದಿಂದ ತೆಗೆದುಹಾಕಿದರು, ಏಕೆಂದರೆ ಮೆಕಾರ್ಥಿ ಮಾರ್ಷಲ್ ಅವರನ್ನು ದ್ರೋಹಿಯೆನ್ನುವಂತೆ ನಿಂದಿಸಿದ್ದರು. ತಮ್ಮ ಹೆಸರನ್ನು ಮರೆಮಾಡಿ ಮಾರ್ಷಲ್ ಹೆಸರನ್ನು ಮುಂದೆ ಮಾಡಿದ ಟ್ರೂಮನ್ ಇದನ್ನು ಕ್ಷಮಿಸಲಿಲ್ಲ. ಐಸೆನ್‌ಹೋವರ್ ಮುಂದೆ ತೆರೆಮರೆಯಲ್ಲಿ ಕೆಲಸ ಮಾಡಿದರು ಎನ್ನುತ್ತಾರೆ. 1954ರ ಮೇ 17ರಂದು, ತಮ್ಮ ಅಧಿಕಾರಿಗಳು ಒಳಗಿನ ಮಾತುಕತೆಗಳ ಬಗ್ಗೆ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ಹೇಳಕೂಡದೆಂದು ಬರೆದು ಮೆಕಾರ್ಥಿಯವರ ದಾರಿ ಕಟ್ಟಿದ್ದೂ ನಿಜ. ಡಿಸೆಂಬರ್ 2ರಂದು ಸೆನೆಟ್ 67–22 ಮತಗಳಿಂದ ಮೆಕಾರ್ಥಿಗೆ ಛೀಮಾರಿ ಹಾಕಿತು. ಆದರೆ ಅದೇ ಮೇ 17ರಂದು ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗ, ಅದು ಸರಿಯೆಂದು ಒಂದು ಮಾತನ್ನು ಆ ಜನಪ್ರಿಯ ಅಧ್ಯಕ್ಷರು ಹೇಳಲಿಲ್ಲ. ಇಟ್ಟುಕೊಂಡ ಹಣವನ್ನು ಮದುವೆಗೂ ತೆಗೆಯದ ಯಜಮಾನನಂತೆ ನನಗವರು ಕಾಣುತ್ತಾರೆ.

ಮಾಳಮಡ್ಡಿ ಓದುಗ (ಧಾರವಾಡ):

ಅಕ್ಕೋರೇ, ಕೊನೆಯ ಮಾತು ತುಸು ಕಠಿಣವಾಯಿತು. ಕೊರಿಯಾಕ್ಕೆ ಹೋಗಿ ಬರುತ್ತೇನೆಂದು ಹೇಳಿ, ಹೋಗಿ, 1953ರ ಜುಲೈ 27ಕ್ಕೆ ಕದನವಿರಾಮ ಮಾಡಿಸಿದವರು ಅವರು. ದಕ್ಷಿಣ ಕೊರಿಯಾದ ಗೆಲುವಿಲ್ಲದೆ ಯುದ್ಧ ನಿಲ್ಲಿಸಲು ಟ್ರೂಮನ್ ಮುಂದಾಗಿದ್ದರೆ ಅವರನ್ನು ರಿಪಬ್ಲಿಕನ್ನರು ಹರಿದು ತಿನ್ನುತ್ತಿದ್ದರು. ಯುರೋಪನ್ನು ಗೆದ್ದ ಜನರಲ್ ಮಾಡಿದಾಗ ಯಾರೂ ಸೊಲ್ಲೆತ್ತಲಿಲ್ಲ. ಹಣವನ್ನು ಒಂದು ಮದುವೆಗಾದರೂ ತೆಗೆದಿದ್ದಾರೆ. ಅಂದಹಾಗೆ, ಮನೆಗೆ ಮರಳಲೊಪ್ಪದ ಯುದ್ಧಕೈದಿಗಳ ವಿಚಾರಣೆಯನ್ನು ನಡೆಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಎಂಬುದನ್ನು ತರಗತಿಯಲ್ಲಿ ಹೇಳಲು ಮರೆಯಬೇಡಿ ಮಾಸ್ತರರೇ.

ಬೆಟಗೇರಿ ಉಪನ್ಯಾಸಕ (ಗದಗ):

ಎಲ್ಲರಿಗೂ ಕೃತಜ್ಞತೆಗಳು. ವಕೀಲ ಸಾಹೇಬರ ಮೂರು ಮನೆಗಳನ್ನು ನಿನ್ನೆ ಹಲಗೆಯ ಮೇಲೆ ಬರೆದೆ. ಅದೇ ವಿದ್ಯಾರ್ಥಿನಿ 1951ರಲ್ಲಿ ಭಾರತಕ್ಕೆ ಬಂದ ಗೋಧಿಯ ಸಾಲವನ್ನು ಯಾವ ಮನೆಗೆ ಹಾಕಬೇಕೆಂದು ಕೇಳಿದಳು. ಫೆಬ್ರವರಿಯಲ್ಲಿ ಟ್ರೂಮನ್ 20 ಲಕ್ಷ ಟನ್ ಧಾನ್ಯ ಕೊಡಬೇಕೆಂದು ಕಾಂಗ್ರೆಸ್ಸನ್ನು ಕೇಳಿದರೆ, ಕೊರಿಯಾದ ವಿಷಯದಲ್ಲಿ ನೆಹರೂ ಅವರ ನಿಲುವಿನ ಮೇಲೆ ಸಿಟ್ಟಾಗಿದ್ದ ಸದಸ್ಯರು ಎಳೆದಾಡಿ, ಜೂನ್ 15ಕ್ಕೆ 19 ಕೋಟಿ ಡಾಲರಿನ ಸಾಲವಾಗಿ ಅದಕ್ಕೆ ಅಂಕಿತ ಬಿತ್ತು. ಕಾಂಗ್ರೆಸ್ಸು ಒಪ್ಪಿತಾದ್ದರಿಂದ ಮೊದಲ ಮನೆ ಎಂದೆ. "ನಾಲ್ಕು ತಿಂಗಳು ಹಸಿದವರಿಗೆ ಯಾವ ಮನೆ, ಸರ್?" ಎಂದಳು. ನಾನು ಉತ್ತರಿಸಲಿಲ್ಲ.

ಲಕ್ಷ್ಮೇಶ್ವರದ ನಿವೃತ್ತ ಅಕ್ಕೋರು (ಗದಗ ಜಿಲ್ಲೆ):

ಆ ಹುಡುಗಿಗೆ ಇನ್ನೊಂದು ಎಳೆಯನ್ನು ಕೊಡಿರಿ. ರಾಣೆಬೆನ್ನೂರಿನ ಅಡತಿಯವರು ಹೇಳಿದ ಬೆಂಬಲ ಬೆಲೆಯ ಸಾಲದಿಂದ ಸರಕಾರದ ಕಣಜಗಳಲ್ಲಿ ಮಾಲು ರಾಶಿಯಾಗುತ್ತಲೇ ಹೋಯಿತು. ಅದನ್ನು ಹೊರದೇಶಗಳಿಗೆ ಅವರವರ ಹಣದಲ್ಲಿಯೇ ಮಾರಬಹುದೆಂಬ, ಹಸಿದವರಿಗೆ ದಾನವಾಗಿಯೂ ಕೊಡಬಹುದೆಂಬ ಕಾನೂನಿಗೆ ಐಸೆನ್‌ಹೋವರ್ 1954ರ ಜುಲೈ 10ರಂದು ಸಹಿ ಹಾಕಿದರು, ನಾವೆಲ್ಲ ಪಿ.ಎಲ್. 480 ಎಂದು ಕೇಳಿದ್ದು ಅದನ್ನೇ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಮಧ್ಯಾಹ್ನ ಅಮೆರಿಕದ ಗೋಧಿಯ ಉಪ್ಪಿಟ್ಟನ್ನೂ ಪುಡಿಯಿಂದ ಕಲಸಿದ ಹಾಲನ್ನೂ ಕೊಡುತ್ತಿದ್ದರು. ಜೋಳದ ರೊಟ್ಟಿ ತಿಂದು ಬೆಳೆದ ನಮಗೆ ಆ ಉಪ್ಪಿಟ್ಟಿನ ವಾಸನೆ ಹಿಡಿಸುತ್ತಿರಲಿಲ್ಲ, ಆದರೂ ತಟ್ಟೆಯನ್ನು ಯಾರೂ ಉಳಿಸುತ್ತಿರಲಿಲ್ಲ. ಚೀಲದ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದ ಚಿತ್ರವಿರುತ್ತಿತ್ತು. ಖಾಲಿಯಾದ ಮೇಲೆ ಅದನ್ನು ನಮ್ಮ ಅವ್ವ ತೊಳೆದು ಕಾಳು ತುಂಬಿಡುತ್ತಿದ್ದಳು.